ಲೆಕ್ಕಕ್ಕುಂಟು, ಆಟಕ್ಕಿಲ್ಲ

ಪರಿಚಯದ ನೂರು ಜನರ ಹೆಸರು ಬರೆದು ತಾ ಎಂದಿದ್ದ
ಮುಲುಂಡ್ ಶಾಖೆಯ ತೇಜಸ್ ಸಂಘ್ವಿ.
ರಾತ್ರಿಯೆಲ್ಲ ಕೂತು ಬರೆದೆ.
ಹನ್ನೊಂದಾಯಿತು,
ಹಾಲಿನವನನ್ನೂ ತೀರಿಹೋದ ದೊಡ್ಡಮ್ಮನನ್ನೂ ಸೇರಿಸಿ.

ವಿಮೆ ಮಾರಲು ಹೊರಟೆ.
ಮೂರನೇ ಮಹಡಿ, ಬಾಗಿಲಿಗೆ ಬಾಡಿದ ತೋರಣ,
ಒಳಗೆ ಕುಕ್ಕರಿನ ಸೀಟಿ,
ಕರೆಗಂಟೆಗೆ ಒಂದಂಗುಲ ಈಚೆ ನಿಂತ ನನ್ನ ಬೆರಳು.
ನಾಲ್ಕನೇ ಸೀಟಿಗೆ ಒತ್ತೋಣ ಅಂದುಕೊಂಡೆ.
ಐದು ಕೂಗಿತು. ಯಾರೋ ಒಲೆ ಆರಿಸಿದರು.
ಕಳ್ಳಿಯ ಹಾಗೆ ಮೆಟ್ಟಿಲಿಳಿದು ಬಂದೆ.

"ನಾಳೆ ನೀವಿಲ್ಲದಿದ್ದರೆ?" ಎಂದು ಮಾತು ಶುರುಮಾಡಬೇಕಂತೆ,
ಅದೂ ನಗುನಗುತ್ತಾ.
ನನಗೆ "ನೀರು ಕೊಡಿ" ಅನ್ನಲೂ
ಎರಡು ಸಲ ಗಂಟಲು ಸರಿಮಾಡಬೇಕು.

ಬಾಯಿದ್ದವರು ಬರಗಾಲದಲ್ಲೂ ಬದುಕಿದರು, ಅಂದಳು ಅಮ್ಮ.
ಈಗೆಲ್ಲಿ ಬರಗಾಲ, ಅಂದೆ.
ಕೇಳಿಸುವ ಹಾಗೆ ಅಲ್ಲ.
ಚಾಳಿನ ಅಂಗಳದಲ್ಲಿ ಲಗೋರಿಗೆ ಸೇರಿಸಿಕೊಳ್ಳುವಾಗ
ಅಣ್ಣ ಎಲ್ಲರಿಗೂ ಮೊದಲೇ ಹೇಳಿಬಿಡುತ್ತಿದ್ದ:
ಇವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಈಗ ಚಕಾಲಾದಲ್ಲಿದ್ದೇನೆ, ಕಿಟಕಿಯಿಲ್ಲದ ಕಡೆ.
ತಾಳೆ ನೋಡುವುದು ಕೆಲಸ.
ಕಂಪನಿ ಕೊಟ್ಟೆ ಎಂದ ಲಾಭಾಂಶ ಎಡಕ್ಕೆ,
ಬ್ಯಾಂಕು ಮುಟ್ಟಿತು ಎಂದದ್ದು ಬಲಕ್ಕೆ,
ನಡುವೆ ನಾನು, ಆರಿದ ಚಹಾ.
ಎರಡೂ ಕೂಡಿದರೆ ಸಾಲು ಹಸಿರು.
ಕೂಡದೆ ಉಳಿದದ್ದು ಸಸ್ಪೆನ್ಸ್ ಖಾತೆಗೆ.

ಸಸ್ಪೆನ್ಸ್ ಖಾತೆ ಅಂದರೆ,
ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ
ಯಾರಿಗೂ ಗೊತ್ತಾಗದೆ
ಕಂಬದ ಮರೆಗೆ ಕುರ್ಚಿ ಎಳೆದು ಕೂತವರು.
ಅಂಥವರ ಗುರುತು ನನಗೆ ಬೇಗ ಹತ್ತುತ್ತದೆ.

ಕಲಿಸಿದವರು ಫ್ರೆನಿ ಮೇಡಂ. ಮೂವತ್ತೊಂದು ವರ್ಷ ಒಂದೇ ಕುರ್ಚಿ,
ದಿನಕ್ಕೆ ಹೆಚ್ಚೆಂದರೆ ಇಪ್ಪತ್ತು ಮಾತು.
ವ್ಯತ್ಯಾಸ ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ
ಅಂಕಿ ಅದಲುಬದಲಾಗಿರಬಹುದು, ನೋಡು,
ಎಂದರು ಮೊದಲ ವಾರ.
ಎರಡನೇ ವಾರ: ಸೊನ್ನೆ ಬಂತೆಂದು ನಂಬಬೇಡ,
ಎರಡು ತಪ್ಪು ಒಂದನ್ನೊಂದು ತಿಂದರೂ ಸೊನ್ನೆಯೇ.
ನಿವೃತ್ತಿಯ ದಿನ ಮೈಕು ಕೈಗಿತ್ತರೆ
ಫ್ಯಾನು ಸ್ವಲ್ಪ ಕಮ್ಮಿ ಮಾಡಿ, ಎಂದು ಕೂತುಬಿಟ್ಟರು.

ಗಿರಗಾಂವಿನ ಕುಂದಾ ಕೇಳುಸ್ಕರ್ ಅವರ ಹಣ
ಏಳು ವರ್ಷ ತುಂಬಿ ಸರಕಾರದ ನಿಧಿಗೆ ಹೋಗಲು
ಇನ್ನು ಒಂಬತ್ತು ದಿನ ಇತ್ತು.
ಹಳೆಯ ಅರ್ಜಿಯ ಮಸುಕು ನಕಲಿನಲ್ಲಿ
ಖಾತೆ ಸಂಖ್ಯೆಯ ಕೊನೆಗೆ, ನಡುಗುವ ಕೈಯಲ್ಲಿ, ಅರವತ್ತಮೂರು.
ನಮ್ಮವರು ಹೊಡೆದದ್ದು ಮೂವತ್ತಾರು.
ಕಳೆದೆ. ಇಪ್ಪತ್ತೇಳು.
ಒಂಬತ್ತ್‌ಮೂರ್ಲ, ಎಂದಿತು ನಾಲಿಗೆ ತಾನಾಗಿ,
ಇಡೀ ಮಧ್ಯಾಹ್ನದಲ್ಲಿ ನಾನಾಡಿದ್ದು ಅದೊಂದೇ.

ಆಕೆ ಫೋನು ಮಾಡಿದ್ದರಂತೆ ಮುಂದಿನ ವಾರ,
ಹುಡುಕಿಕೊಟ್ಟವರು ಯಾರು, ಎರಡು ಮಾತು ಆಡಬೇಕಿತ್ತು ಎಂದು.
ಸಿಸ್ಟಮ್ ಮೇಡಂ, ಎಂದಳು ಕೌಂಟರಿನ ಹುಡುಗಿ.
ಸದ್ಯ.
ಸಿಸ್ಟಮ್ ಆಗ ತನ್ನ ಡಬ್ಬಿ ಬಿಚ್ಚಿ
ನಿನ್ನೆಯ ಬಂಗುಡೆ ಸಾರಿನ ವಾಸನೆಗೆ ಹೆದರಿ
ಮೂಲೆಯ ಮೇಜಿಗೆ ಎದ್ದುಹೋಗಿತ್ತು.

ಘಾಟ್ಕೋಪರಿನಿಂದ 7.12ರ ಲೋಕಲು. ಹೆಂಗಸರ ಡಬ್ಬಿ.
ಕೂದಲ ಕ್ಲಿಪ್ಪು ಮಾರುವ ಹುಡುಗಿ
ಎಷ್ಟು ಚೆಂದ ಕೂಗುತ್ತಾಳೆ!
ಯಾರ ಮುಖವೂ ಅವಳಿಗೆ ಬಾಗಿಲಲ್ಲ.
ಬೇಡವಾಗಿದ್ದರೂ ಮೂರು ಜೊತೆ ಕೊಂಡೆ.
ಎಣಿಸದೆ ಕೊಟ್ಟಳು ಚಿಲ್ಲರೆ; ನಾನು ಎಣಿಸಿದೆ.
ಐದು ರೂಪಾಯಿ ಹೆಚ್ಚು.
ಅಷ್ಟರಲ್ಲಿ ವಿಕ್ರೋಲಿ, ಅವಳು ಇಳಿದು ಮುಂದಿನ ಡಬ್ಬಿಗೆ.
ಕೂಗಿ ಕರೆಯಬೇಕಿತ್ತು.
ಗಂಟಲು ಸರಿಮಾಡಿಕೊಂಡೆ, ಒಂದು ಸಲ.

ಆ ನಾಣ್ಯ ಪರ್ಸಿನ ಸಣ್ಣ ಜೇಬಿನಲ್ಲಿ
ಬೇರೆಯೇ ಇದೆ.
7.12ರಲ್ಲಿ ದಿನಾ ನೋಡುತ್ತಿದ್ದೇನೆ.