ಅಳತೆ ಕಂಬದವರೆಗೆ

ರಾತ್ರಿ ಪಾಳಿ ಮುಗಿದರೆ ನೆಟ್ಟಗೆ ಮನೆ ಸೇರುವವಳಲ್ಲ ನಾನು.
ಆಸ್ಪತ್ರೆ ಗೇಟಿನಿಂದ ಎಡಕ್ಕೆ ಆಟೋ ಸ್ಟ್ಯಾಂಡು, ಬಾಡಿಗೆ ರೂಮು, ನಿದ್ದೆ.
ಬಲಕ್ಕೆ ಹೊಳೆನರಸೀಪುರದ ಹಳೇ ಪೇಟೆ, ಕೋಟೆ, ಹೊಳೆ.
ಕಾಲು ಬಲಕ್ಕೇ ತಿರುಗುತ್ತವೆ.
ಕೈಗಂಟಿದ ಡೆಟಾಲು ಎಲ್ಲಾದರೂ ಕಳೆಯಬೇಕಲ್ಲ.

ಪೇಟೆ ಇನ್ನೂ ಹಲಗೆ ತೆಗೆದಿಲ್ಲ.
ಅಂಗಡಿಯ ಒಂದೊಂದು ಹಲಗೆಗೂ ಸುಣ್ಣದ ಅಂಕಿ,
ಮುಚ್ಚುವಾಗ ಸಾಲು ತಪ್ಪದಿರಲೆಂದು
ಯಾವ ಕಾಲದ ಶೆಟ್ಟರೋ ಬರೆಸಿದ್ದು.
ಏಳರ ಜಾಗದಲ್ಲಿ ಒಂಬತ್ತು ನಿಂತಿದೆ,
ಯಾರೂ ಎಬ್ಬಿಸಿಲ್ಲ.
ಸೂರಿನಡಿ ಪಾರಿವಾಳಗಳು ಗಂಟಲು ಸರಿಮಾಡಿಕೊಳ್ಳುತ್ತವೆ,
ಭಾಷಣ ಮಾತ್ರ ಶುರುವಾಗುವುದಿಲ್ಲ.

ಕೋಟೆಯೆಂದರೆ ಈಗ ಮುಕ್ಕಾಲು ಗೋಡೆ.
ಒಂದು ಕಲ್ಲು ಬಟ್ಟೆ ಒಗೆಯಲು ಹೋಗಿದೆ,
ಒಂದು ಎಮ್ಮೆ ಕಟ್ಟಲು,
ಆನೆಯ ಸೊಂಡಿಲಷ್ಟೇ ಉಳಿದ ಇನ್ನೊಂದು
ಸೈಕಲ್ ಶಾಪಿನ ಮೆಟ್ಟಿಲು;
ತುಳಿದವರಿಗೆಲ್ಲ ತಣ್ಣಗೆ ಸೊಂಡಿಲು ಕೊಡುತ್ತದೆ.
ಕೋಟೆ ಬಿತ್ತು ಅನ್ನುತ್ತಾರೆ ಊರವರು.
ಪಾಲಾಯಿತು ಅನ್ನಬೇಕು.

ಆಮೇಲೆ ಇಳಿಜಾರು. ಗಲ್ಲಿಯ ತುದಿಗೆ
ಯಾರದೋ ಒಣಹಾಕಿದ ಹಸಿರು ಸೀರೆ ಸರಿಸಿದರೆ
ಹಠಾತ್ತನೆ ಹೇಮಾವತಿ.

ಆಚೆ ದಡದ ತೆಂಗಿನ ತಲೆಗಳಿಗೆ ಬಿಸಿಲು ಹತ್ತಿದೆ,
ಬುಡದಲ್ಲಿನ್ನೂ ರಾತ್ರಿ.
ನಡುಹೊಳೆಯ ಬಂಡೆಯ ಮೇಲೆ ನೀರುಕಾಗೆಯೊಂದು
ರೆಕ್ಕೆ ಬಿಚ್ಚಿ ಹಿಡಿದಿದೆ, ಒದ್ದೆ ಕೊಡೆ ಆರಿಸುವವರ ಹಾಗೆ.
ಹರಿಗೋಲಿನವನು ಬಲೆಯಿಂದ ಒಂದೇ ಮೀನು ಬಿಡಿಸಲು
ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ!

ದಸ್ತಗೀರ್ ಸಾಬರು ಆಗಲೇ ಬಂದಿರುತ್ತಾರೆ.
ಮಫ್ಲರು, ರಬ್ಬರು ಚಪ್ಪಲಿ, ಎದೆಜೇಬಿನಲ್ಲಿ ಪೆನ್ನು.
ಇಪ್ಪತ್ತೊಂಬತ್ತು ವರ್ಷ ಇಲಾಖೆಯ ಅಳತೆ ಕಂಬ ಓದಿದವರು,
ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ,
ಆಷಾಢದಲ್ಲಿ ಗಂಟೆಗೊಮ್ಮೆ, ಲಾಟೀನು ಹಿಡಿದು.
ಈಗ ಕಂಬದ ನೆತ್ತಿಗೆ ಒಂದು ಬಿಳಿ ಡಬ್ಬಿ, ಅಂಗೈಯಗಲ ಸೋಲಾರು.
ಅದೇ ಓದುತ್ತದೆ, ಅದೇ ಕಳಿಸುತ್ತದೆ.
ಸಾಬರು ಡಬ್ಬಿಯನ್ನು ಬೈಯುವುದಿಲ್ಲ.
ಹುಡುಗ ಹೊಸಬ, ಅನ್ನುತ್ತಾರೆ,
ತಪ್ಪು ಬರೆದಾನು.

ಇಬ್ಬರೂ ದಡಗುಂಟ ನಡೆಯುತ್ತೇವೆ,
ಮೆಟ್ಟಿಲು, ಕೆಸರು, ಮತ್ತೆ ಮೆಟ್ಟಿಲು.
ಹಾಳು ಛತ್ರದ ಗೋಡೆಯಲ್ಲೊಂದು ಗೀರು:
ಒಂದಾನೊಂದು ಮಳೆಗಾಲ ನೀರು ಇಲ್ಲಿಯವರೆಗೆ.
ಇಸವಿ ಸವೆದಿದೆ. ನಿಂತು ನೋಡಿದೆ,
ನನ್ನ ಹುಬ್ಬಿನ ಮಟ್ಟ.
"ಮೊದಲು ಹೊಳೆ ತಾನಾಗೇ ಬರ್ತಿತ್ತು ಕಣಮ್ಮ,
ಹೇಳದೆ ಕೇಳದೆ, ನೆಂಟರ ಥರ.
ಈಗ ಗೊರೂರಲ್ಲಿ ಗೇಟೆತ್ತಿದರೆ ಬರ್ತದೆ,
ಇಳಿಸಿದರೆ ನಿಲ್ತದೆ. ನೌಕರಿಗೆ ಸೇರಿದೆ ಪಾಪ."

ಕಂಬದ ಬಳಿ ಕೂತು ಕೇಳಿದರು:
"ನಿಮ್ಮ ಕಡೆ ಹೇಗಿತ್ತು ರಾತ್ರಿ?"
ಹನ್ನೊಂದನೇ ಮಂಚದ ಕೆಂಪಾಜಮ್ಮ.
ಹತ್ತು ಗಂಟೆಗೆ ನೂರಾ ಒಂದು,
ಹನ್ನೆರಡಕ್ಕೆ ನೂರಾ ಮೂರು,
ನಾಲ್ಕಕ್ಕೆ ಬರೆಯುವುದಕ್ಕೇನೂ ಇರಲಿಲ್ಲ,
ಬರೆಯದೆ ಬಿಡುವ ಹಾಗೂ ಇರಲಿಲ್ಲ.
"ಏರಿತ್ತು," ಅಂದೆ.
"ಇಳೀತಾ?"
ನಾನು ನೀರು ನೋಡಿದೆ.

ಅವರು ಮತ್ತೆ ಕೇಳಲಿಲ್ಲ.
ಜೇಬಿನಿಂದ ಚಿಕ್ಕ ಡೈರಿ ತೆಗೆದು, ಪೆನ್ನು ಒರೆಸಿ
ನನ್ನ ಕೈಗಿಟ್ಟರು.
"ನನಗೆ ಕಣ್ಣು ಮಂಜು ಇವತ್ತು. ನೀವೇ ಓದಿ.
ಅಲೆ ಬಂದಾಗ ನೋಡಬೇಡಿ, ಹೋದಾಗಲೂ ನೋಡಬೇಡಿ.
ನಡುವೆ ಒಂಚೂರು ನಿಲ್ತದಲ್ಲ, ಆಗ."

ಕಾದೆ.
ಕಂಬದ ಕರಿ ಅಂಕಿಯ ಕುತ್ತಿಗೆಗೆ
ನೀರು ಬಂತು, ಹೋಯಿತು, ಬಂತು.
ಗುಡಿಯ ನಗಾರಿ ನಿಂತಿತು.
ಎರಡು ಮೀಟರು, ಮೂವತ್ತೆಂಟು, ಬರೆದೆ,
ಆರು ಗಂಟೆ ಹತ್ತು ನಿಮಿಷ, ಅದನ್ನೂ.
ಕೆಳಗೆ ಅಭ್ಯಾಸಬಲ,
ನನ್ನ ಸಹಿ.

ವಾಪಸು ಪೇಟೆಯಲ್ಲಿ ಬರುವಾಗ
ಹುಡುಗನೊಬ್ಬ ಹಲಗೆ ತೆಗೆಯುತ್ತಿದ್ದ,
ಐದು, ಆರು, ಒಂಬತ್ತು, ಎಂಟು.
ಉಪ್ಪಿಟ್ಟಿನ ಒಗ್ಗರಣೆ ಎಲ್ಲಿಂದಲೋ ಬಂತು,
ನನಗೆ ಹಸಿವಾಗಿತ್ತು.