ಎರಡು ಚೀಟಿ

ಗುಳೇದಗುಡ್ಡದಲ್ಲಿ, ಚರ್ಚಿನ ಹಿಂದಿನ ಓಣಿಯಲ್ಲಿ
ಒಂದೇ ಪಡಸಾಲೆಗೆ ಎರಡು ಕುಣಿಮಗ್ಗ.
ಒಂದು ನಮ್ಮ ಸಲೋಮವ್ವತ್ತಿಯದು,
ಇನ್ನೊಂದು ಅವಳ ಅಣ್ಣ, ದೊಡ್ಡಪ್ಪ ಯೋಬಪ್ಪನದು.
ನಡುವೆ ನಾನು, ರಾಟಿ ತಿರುಗಿಸಿ ಕಂಡಿಕೆ ಸುತ್ತುವವಳು,
ಇಬ್ಬರ ಬೈಗುಳಕ್ಕೂ ಕೈಗೆಟಕುವಷ್ಟು ದೂರದಲ್ಲಿ.

ಅತ್ತಿಯ ಮಗ್ಗದ ಕಂಬಕ್ಕೆ ಒಂದು ಚೀಟಿ.
ಕ್ಯಾಲೆಂಡರಿನಿಂದ ಕತ್ತರಿಸಿ
ನೂಲಿಗೆ ಕಾಯಿಸಿದ ಗಂಜಿಯಿಂದಲೇ ಅಂಟಿಸಿದ್ದು:
ಉಳಿದದ್ದು ನಂಬಿಕೆಯಿಂದ, ನಿಮ್ಮ ದುಡಿಮೆಯಿಂದಲ್ಲ.
ದೊಡ್ಡಪ್ಪನ ಕಂಬಕ್ಕೆ ಮತ್ತೊಂದು,
ಬೇರೆ ವರ್ಷದ್ದು, ಕೆಂಪು ಅಕ್ಷರದ್ದು:
ಕೆಲಸ ಮಾಡದ ನಂಬಿಕೆಗೆ ಉಸಿರಿಲ್ಲ.

ಮಗ್ಗ ತುಳಿಯುತ್ತಲೇ ಜಗಳ.
"ಸುಮ್ಮ ಕೂತು ನಂಬಿದರ ನೂಲು ಬಟ್ಟಿ ಆಗ್ತದೇನ?" ಅವನು.
"ನೂಲು ನೀ ಹುಟ್ಟಿಸಿದಿಯೇನ?" ಅವಳು.
ಲಾಳಿ ಆ ಕಡೆಗೊಮ್ಮೆ, ಈ ಕಡೆಗೊಮ್ಮೆ.
ಪಾದ್ರಿ ಬಂದರೆ ಚಹಾ ಕುಡಿದು
ಇಬ್ಬರದೂ ಸರಿ ಎಂದು
ಇಬ್ಬರಿಗೂ ಬೇಜಾರು ಮಾಡಿ ಹೋಗುತ್ತಿದ್ದರು.

ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಬೇರೆ.
ದುಡಿಮೆ ಲೆಕ್ಕಕ್ಕಿಲ್ಲ ಎಂದವಳ ಕೈ
ಖಾಲಿ ಇದ್ದದ್ದು ನಾ ಕಂಡಿಲ್ಲ;
ನೀಲವ್ವನ ಬಾಣಂತನಕ್ಕೆ ಹನ್ನೊಂದು ದಿನ
ಬಿಸಿನೀರು ಹೊತ್ತವಳು ಅವಳೇ,
ಮತ್ತೆ ಆ ಮಾತು ಎತ್ತಿದವಳಲ್ಲ.
ದುಡಿಮೆಯೇ ಎಲ್ಲ ಎಂದವನು
ನಡುರಾತ್ರಿ ಎದ್ದು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ.
ದುಡ್ಡಿನದಲ್ಲ.
ಹೆಂಡತಿಯನ್ನು ಕೆರೂರಿನ ತವರಿಗೆ ಅಟ್ಟಿದ ವರ್ಷ ಬಂದಾಗ
ಬೆರಳು ಅಲ್ಲೇ ನಿಂತುಬಿಡುತ್ತಿತ್ತು.

ಒಮ್ಮೆ ಓದಲು ಬಾರದ ತಂಗೆವ್ವ ಪತ್ರ ತಂದಳು,
ಇಳಕಲ್ಲಿನಿಂದ ಮಗ ಬರೆದದ್ದು. ನನಗಾಗ ಒಂಬತ್ತು.
ಮಡಿಕೆ ಬಿಚ್ಚಿ, ಕಣ್ಣಿಗೆ ಬಿದ್ದ ಸಾಲನ್ನೇ ಗಟ್ಟಿಯಾಗಿ ಓದಿದೆ:
"ನಾ ಇನ್ನ ಆ ಮನಿಗೆ ಕಾಲಿಡಾಂವಲ್ಲ."
ತಂಗೆವ್ವ ನಿಂತಲ್ಲೇ ಕುಸಿದಳು.
ಅತ್ತಿ ಮಗ್ಗದ ಕುಣಿಯಿಂದ ಎದ್ದು ಬಂದು, ಪತ್ರ ಕಸಿದು
"ಅವ್ವಗ ಮಗ ಮಾಡುವ ನಮಸ್ಕಾರ"ದಿಂದ ಶುರು ಮಾಡಿದಳು.
ಆ ಮನೆ, ಕೂಲಿ ಮುಳುಗಿಸಿದ ಸಾಹುಕಾರನದು.
ಮಗ ಊರಿಗೇ ಬರುತ್ತಿದ್ದ, ಬರುವ ಸೋಮವಾರ.
ನನ್ನ ಕಿವಿ ಹಿಂಡಿ ಅಂದಳು:
"ಯಾರು ಬರದಾರ, ಯಾರಿಗೆ ಬರದಾರ, ಯಾಕ,
ಮೊದಲ ಅದನ್ನ ನೋಡು.
ನಡುವ ಹರಿದು ಓದಿದರ ಅದು ಪತ್ರ ಅಲ್ಲ, ಚಿಂದಿ."
ದೊಡ್ಡಪ್ಪ ಅವಳ ಕಂಬದ ಕಡೆ ನೋಡಿ ಕೆಮ್ಮಿದ.
ಅವಳು ಅವನ ಕಂಬದ ಕಡೆ ನೋಡಿದಳು.
ಅಂದು ದೀಪ ಹಚ್ಚುವವರೆಗೆ
ಮಗ್ಗಗಳೆರಡೇ ಮಾತಾಡಿದವು.

ಖಣ ಕೊಯ್ಯುವಾಗ ದಡಿ ಬಿಟ್ಟು ಕೊಯ್ಯಬಾರದು ಎಂಬವಳು
ಆ ಚೀಟಿಗೆ ಹಾಗೇಕೆ ಕತ್ತರಿ ಹಾಕಿದಳೋ
ಕೇಳಲು ನನಗೆ ಧೈರ್ಯ ಬರಲಿಲ್ಲ.

ದೊಡ್ಡಪ್ಪ ಹಾಸಿಗೆ ಹಿಡಿದ ಚಳಿಗಾಲ.
ಎದೆಯಲ್ಲಿ ಕಫ, ಕಾಲಲ್ಲಿ ಬಾವು.
ಬೆರಳು ಮಡಚಲೂ ಆಗದ ಒಂದು ರಾತ್ರಿ ಅಂದ:
"ಸಲೋಮಿ, ನಿನ್ನ ಚೀಟಿ ಓದ."
ಮೂವತ್ತು ವರ್ಷ ಬಯ್ದ ಚೀಟಿ.
ಅವಳು ಕಂಬದ ಹತ್ತಿರ ಹೋಗಲಿಲ್ಲ, ಚಾಳೀಸು ಹುಡುಕಲಿಲ್ಲ.
ಅವನ ಕೈ ಹಿಡಿದು ಹೇಳಿದಳು:
ಇದು ಕೊಟ್ಟದ್ದು, ಗಳಿಸಿದ್ದಲ್ಲ,
ಇದಕ್ಕೆ ಯಾರೂ ಮೀಸೆ ತಿರುವುವ ಹಾಗಿಲ್ಲ.
ಕತ್ತರಿ ಬಿದ್ದ ಜಾಗ ಬಂತು. ನಿಲ್ಲಲಿಲ್ಲ.
ನಾವು ಆತನ ಕೈಯ ನೇಯ್ಗೆ, ಎಂದಳು,
ನಮ್ಮ ಕೈಗೆ ಒಳ್ಳೆಯ ಕೆಲಸ ಇರಲೆಂದು
ಮೊದಲೇ ಹಾಸು ಹೂಡಿಟ್ಟಿದ್ದಾನೆ, ಎಂದಳು,
ಪೌಲನ ಮಾತನ್ನು ಮಗ್ಗದವಳ ಮಾತಿಗೆ ಇಳಿಸಿ.

ದೊಡ್ಡಪ್ಪ ಕಣ್ಣು ತೆರೆದ.
"ಇದು ಇತ್ತೇನ ಅಲ್ಲಿ?"
"ಇತ್ತು."
"ಮತ್ತ ಯಾಕ ಕತ್ತರಿಸಿದಿ?"
ಅತ್ತಿ ಅವನ ಬಾಯಿಗೆ ಒಂದು ಚಮಚ ನೀರು ಬಿಟ್ಟು,
ಗಲ್ಲಕ್ಕಿಳಿದದ್ದನ್ನು ಸೆರಗಿನಿಂದ ಒರೆಸಿ,
"ಕಂಬ ಅಷ್ಟ ಅಗಲ ಇತ್ತು, ಅಣ್ಣಾ."