ಉಪ್ಪುನೀರಿನ ಟ್ರೇ

ರಬಕವಿಯಾಗ ನಮ್ಮ ಮಗ್ಗ ನಿಂತ ಮ್ಯಾಲ
ಜಮಖಂಡಿ ರೋಡಿನ ಹ್ಯಾಚರಿಗೆ ಬಂದೆ.
"ಕೈ ನಡುಗೂದಿಲ್ಲಲ್ಲ?" ಅಂದ್ರು ಕುಂದರಗಿ ಡಾಕ್ಟರಬಾಯಿ.
ಇಪ್ಪತ್ತು ವರ್ಷ ಹಣಗಿ ಹಲ್ಲಿನ್ಯಾಗ
ಎಳಿ ತೂರಿಸಿದ ಕೈರಿ ಇದು, ಅಂದೆ.
ಸೂಜಿ ಕೊಟ್ಟರು.

ಹದಿನೆಂಟನೇ ದಿನ
ದೀಪಕ್ಕ ಹಿಡಿದರ ತತ್ತಿ ತುಂಬ ಕತ್ತಲಿ,
ದಪ್ಪ ತುದಿಗೆ ಮಾತ್ರ ಒಂದು ಗಾಳಿ ಖೋಲಿ.
ಅದರ ಮಾಳಗಿ ಸ್ಪಿರಿಟಿನಿಂದ ಒರಸಿ
ಅರ್ಧ ಎಂ.ಎಲ್. ಇಳಸಬೇಕು:
ಸಕ್ಕರಿ, ಅಮೈನೋ ಆಮ್ಲ,
ನನ್ನ ನಾಲಗಿಗೆ ಹೊಳ್ಳದ ಇನ್ನೆರಡು ಹೆಸರು.
ಮರಿಗೆ ತಾಗಬಾರದು.
ಅದು ತೇಲೂ ನೀರಿಗೆ ಬೆರೀಬೇಕು ಅಷ್ಟ.
ಹೊರಗ ಬರೂ ಮೊದಲ
ಆ ನೀರೆಲ್ಲಾ ಕುಡದ ಬರತೈತಂತ.
ಮ್ಯಾಲ ಒಂದು ಹನಿ ಮೇಣ.

ಒಂದು ಟ್ರೇಕ್ಕ ಊಟ,
ಒಂದಕ್ಕ ಬರೀ ಉಪ್ಪುನೀರು.
"ಸೂಜಿ ಗುಣ ಬ್ಯಾರೆ, ಊಟದ ಗುಣ ಬ್ಯಾರೆ,
ಬಿಡಿಸಿ ನೋಡಬೇಕಲ್ಲ?"
ತಿಳೀತು ನನಗ. ಆದರೂ
ಪಂಗ್ತಿಗೆ ಕೂಡಿಸಿ
ಖಾಲಿ ಎಲಿ ಹಾಸಿ ಹ್ವಾದಂಗಾತು.

ಮೂವತ್ತೊಂದನೇ ಗೂಡಿಂದು
ದೀಪದಾಗ ಒಮ್ಮೆ ಮಿಸುಕಿತು.
ಡಾಕ್ಟರಬಾಯಿ ಫೋನಿನ್ಯಾಗಿದ್ದರು.
ಕೈಯಾಗಿನ ಸಿರಿಂಜ್ ಕೆಳಗಿಟ್ಟು
ಆ ಕಡೀದ್ದು ಎತ್ತಿಕೊಂಡೆ.

ಮೂರು ದಿನಕ್ಕ ಪೆಟ್ಟಿಗಿ ಒಳಗೆಲ್ಲಾ ಟಕ್, ಟಕ್.
ಸಾವಿರ ಮಗ್ಗ ಹಚ್ಚಿಧಂಗ,
ಒಂದಕ್ಕೂ ಕರೆಂಟಿನ ಬಿಲ್ಲಿಲ್ಲ.
ತೊಯ್ದು ಬಂದವು, ಒಣಗಿದವು, ತೂಗಿದೆವು.
ನಲವತ್ತು. ನಲವತ್ತೊಂದು. ಮತ್ತ ನಲವತ್ತು.
ಅದು ಮಾತ್ರ ನಲವತ್ನಾಕು.

ಅಂಕಿ ಸುತ್ತ ಕೆಂಪು ಗೀರು ಎಳೆದು
"ಉಪ್ಪುನೀರಿನ್ಯಾಗ ಇದ್ಹೆಂಗ?
ಇದರ ಕರುಳ ನೋಡೂಣು" ಅಂದರು.
ಟ್ರೇಕ್ಕ ಆರು ಮರಿ ಕೊಯ್ಯೂದು ಮೊದಲ ಬರದಿತ್ತು.
ಆರನೇದು ಅದಾತು.

ಎಂಟು ದಿನದ ಮ್ಯಾಲ ಮೈಕ್ರೋಸ್ಕೋಪಿಗೆ ಕಣ್ಣಿಡಸಿದರು.
ಉಳದವುಗಳ ಕರುಳು
ಒಗದೊಗದು ಸವದ ಟವಲಾ, ಎಳಿ ಗಿಡ್ಡ.
ಇದರದ್ದು ಹೊಸಾ ಟರ್ಕಿ ಟವಲಾ,
ಎಳಿ ಎಲ್ಲಾ ಎದ್ದು ನಿಂತಿದ್ದವು,
ಉದ್ದಕ, ಒತ್ತೊತ್ತಾಗಿ,
ಉಣ್ಣಾಕ ತಯಾರಾಗಿ.
"ಹೆಂಗೈತಿ?"
ಹಾಳು ನೇಕಾರ ಬಾಯಿ, ತಡೀಲಿಲ್ಲ:
"ನೇಯ್ಗಿ ಚೊಲೋ ಐತ್ರಿ."

ಕಾರಣದ ಕಾಲಮಿನ್ಯಾಗ
ಅವರೊಂದು ಪ್ರಶ್ನೆ ಚಿಹ್ನೆ ಹಾಕಿದರು.
ಎಳಿ ತಪ್ಪಿದಲ್ಲಿ ಬೀಳೂ ಕುಣಿಕೆ ಹಂಗ ಇತ್ತದು.
ಯಾರ ಕೈ ತಪ್ಪಿತು ಅಂತ
ಹೇಳಬೇಕಂದೆ.

ಅಷ್ಟರಾಗ ಆ ವಾರದ ತತ್ತಿ ಬಂದವು.
ಮೇಣ ಕಾಸಾಕ ಹೋದೆ.